ಸರ್ಕಲ್ಲಿಗೆ ಬಂದಾಗ ಆಫ್ ಆಗುತ್ತಿದ್ದ ಬೈಕು

ಜೂನ್ ತಿಂಗಳ ಒಂದು ಬುಧವಾರ. ಬೆಂಗಳೂರಿನ ಆಫೀಸಿನಲ್ಲಿ ಮೀಟಿಂಗ್ ನಡೆಯುತ್ತಿರುವಾಗ ಮೈಸೂರಿನಿಂದ ಅಮ್ಮನ ಫೋನ್ ಬಂತು. "ಏನೂ ಆಗಿಲ್ಲ, ಗಾಬರಿ ಆಗ್ಬೇಡ" ಅಂತಲೇ ಮಾತು ಶುರು ಮಾಡಿದಳು. ಅಮ್ಮಂದಿರು ಹೀಗೆ ಶುರು ಮಾಡಿದರೆ ಏನೋ ಆಗಿದೆ ಅಂತಲೇ ಅರ್ಥ.

ಆಗಿದ್ದು ಇಷ್ಟು. ಅಪ್ಪ, ಅಮ್ಮ ಇಬ್ಬರೂ ದೇವರಾಜ ಮಾರುಕಟ್ಟೆಯಿಂದ ತರಕಾರಿ ತಗೊಂಡು ಬೈಕಿನಲ್ಲಿ ಬರುತ್ತಿದ್ದರು. ಸರ್ಕಲ್ಲಿನಲ್ಲಿ ತಿರುಗುವಾಗ ಬೈಕು ಇದ್ದಕ್ಕಿದ್ದಂತೆ ಆಫ್ ಆಗಿ ಒಂದು ಕಡೆಗೆ ವಾಲಿತು. ಅಪ್ಪ ಕಾಲು ಕೊಟ್ಟು ತಡೆದರು. ಹಿಂದೆ ಬರುತ್ತಿದ್ದ ಬಸ್ಸಿನವನು ಬ್ರೇಕ್ ಹಾಕಿದ. ಅಮ್ಮನ ಮೊಣಕೈ ತರಚಿತು, ಎರಡು ಕೆಜಿ ಟೊಮೆಟೊ ರಸ್ತೆ ಪಾಲಾಯಿತು. ಅಷ್ಟಕ್ಕೇ ಮುಗಿಯಿತು, ದೇವರು ದೊಡ್ಡವನು.

ನಾನು ಅಪ್ಪನಿಗೆ ಫೋನ್ ಕೊಡು ಅಂದೆ. "ಅಪ್ಪಾ, ಅರವತ್ತೇಳಾಯ್ತು. ಇನ್ನು ಬೈಕು ಸಾಕು. ಆಟೋದಲ್ಲಿ ಓಡಾಡಿ, ದುಡ್ಡು ನಾನು ಕಳಿಸ್ತೀನಿ" ಅಂದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ "ಹೂಂ, ಸರಿ" ಅಂತ ಮಾತ್ರ ಅಂದರು. ನಾನು ಸಮಸ್ಯೆ ಬಗೆಹರಿಯಿತು ಅಂದುಕೊಂಡು ಮತ್ತೆ ಮೀಟಿಂಗಿಗೆ ಹೋದೆ.

ಈ ಅಂಕಣದಲ್ಲಿ ಮನೆಯ ಒಂದಲ್ಲ ಒಂದು ಕೆಟ್ಟ ಸಾಮಾನಿನ ಬಗ್ಗೆ ಬರೆಯುತ್ತಾ ಬಂದಿದ್ದೇನೆ. ಈ ಸಲ ಬರೆಯುತ್ತಿರುವುದು ಬೈಕಿನ ಬಗ್ಗೆ, ಜೊತೆಗೆ ನಾನು ಫೋನಿನಲ್ಲೇ ಕೊಟ್ಟ ಆ ತೀರ್ಪಿನ ಬಗ್ಗೆ.

ಆ ಶನಿವಾರ ಮೈಸೂರಿಗೆ ಹೋದೆ. ಬೈಕು ಶೆಡ್ಡಿನಲ್ಲಿ ಹಳೆಯ ಬೆಡ್‌ಶೀಟ್ ಹೊದ್ದು ನಿಂತಿತ್ತು. ನೂರು ಸಿಸಿಯ ಫೋರ್ ಸ್ಟ್ರೋಕ್ ಬೈಕು, ಕಾರ್ಬುರೇಟರ್ ಕಾಲದ್ದು. 2004ರಲ್ಲಿ ಅಪ್ಪ ಹೈಸ್ಕೂಲ್ ಮೇಷ್ಟ್ರಾಗಿದ್ದಾಗ ಸಾಲ ಮಾಡಿ ತಗೊಂಡಿದ್ದು. ನಾನು ಟ್ಯಾಂಕಿನ ಮೇಲೆ ಕೂತು ಸ್ಕೂಲಿಗೆ ಹೋಗಿದ್ದು ಇದರಲ್ಲೇ. ಹದಿನೈದು ವರ್ಷ ತುಂಬಿದ ಮೇಲೂ ಆರ್‌ಟಿಒದಲ್ಲಿ ನೋಂದಣಿ ನವೀಕರಿಸಿಕೊಂಡು ಇಟ್ಟುಕೊಂಡಿದ್ದಾರೆ.

"ಕೈ ಹಿಡಿತ ಹೋಗಿದೆ ಕಣೋ" ಅಂದರು ಅಪ್ಪ. "ನಿಧಾನಕ್ಕೆ ಹೋಗುವಾಗ ರೇಸ್ ಎಷ್ಟು ಕೊಡ್ಬೇಕು, ಕ್ಲಚ್ ಎಷ್ಟು ಬಿಡ್ಬೇಕು ಅನ್ನೋದೇ ತಿಳೀತಿಲ್ಲ. ನೀನು ಹೇಳಿದ್ದು ಸರಿ. ಯಾರಿಗಾದ್ರೂ ಕೊಟ್ಬಿಡೋಣ."

ಕೊಡುವ ಮುಂಚೆ ಒಂದು ರೌಂಡ್ ಹೊಡೆದು ಬರೋಣ ಅಂತ ಹೊರಟೆ. ಮೂವತ್ತು ಕಿಲೋಮೀಟರ್ ವೇಗದ ಮೇಲೆ ಬೈಕು ಬೆಣ್ಣೆ. ಅಗ್ರಹಾರದ ಸರ್ಕಲ್ಲಿಗೆ ಬಂದು ವೇಗ ಇಳಿಸಿದೆ ನೋಡಿ, ಇಂಜಿನ್ ತಡವರಿಸಿತು, ಕೆಮ್ಮಿತು, ಆಫ್ ಆಯಿತು. ಕಿಕ್ ಹೊಡೆದು ಮುಂದೆ ಹೋದೆ. ಮುಂದಿನ ಸಿಗ್ನಲ್ಲಿನಲ್ಲಿ ಮತ್ತೆ ಆಫ್. ಮನೆಗೆ ಬರುವಷ್ಟರಲ್ಲಿ ನಾಲ್ಕು ಸಲ. ಮೂವತ್ತೊಂದು ವರ್ಷದ, ನಡುಗದ ನನ್ನ ಕೈಯಲ್ಲೂ!

"ಅಪ್ಪಾ, ನಿಮ್ಮ ಕೈ ಅಲ್ಲ. ಬೈಕೇ ಸರಿ ಇಲ್ಲ" ಅಂದೆ. ಅಪ್ಪ ನಕ್ಕರು. ಮಗ ಸಮಾಧಾನಕ್ಕೆ ಹೇಳುತ್ತಿದ್ದಾನೆ ಅಂತ ಅವರ ಮುಖದಲ್ಲೇ ಬರೆದಿತ್ತು. ಮೂರು ದಿನದ ಹಿಂದೆ ವಯಸ್ಸಾಯಿತು ಅಂದವನೂ ನಾನೇ ಅಲ್ಲವೇ? ಇನ್ನು ಬಾಯಿಮಾತಿನಿಂದ ಪ್ರಯೋಜನ ಇಲ್ಲ, ರಿಪೇರಿ ಮಾಡಿಯೇ ತೋರಿಸಬೇಕು ಅನ್ನಿಸಿತು.

ಅವತ್ತು ಮಧ್ಯಾಹ್ನ ನಾನು ಮಾಡಿದ ಕೆಲಸ ಹೇಳಲು ನಾಚಿಕೆ ಆಗುತ್ತದೆ. ಸ್ಪಾರ್ಕ್ ಪ್ಲಗ್ ಹೊಸದು ಹಾಕಿದೆ. ಏರ್ ಫಿಲ್ಟರ್ ಬಿಚ್ಚಿ ಕೊಡವಿದೆ. ಕಾರ್ಬುರೇಟರಿನ ಪಕ್ಕದಲ್ಲಿದ್ದ ಮಿಶ್ರಣದ ಸ್ಕ್ರೂ ಒಂದಷ್ಟು ಆ ಕಡೆ, ಒಂದಷ್ಟು ಈ ಕಡೆ ತಿರುಗಿಸಿದೆ. ಕೊನೆಗೆ ಐಡ್ಲಿಂಗ್ ಸ್ಕ್ರೂ ಏರಿಸಿದೆ. ಬೈಕು ಆಫ್ ಆಗುವುದು ನಿಂತಿತು! ಗೆದ್ದೆ ಅಂದುಕೊಂಡೆ. ಅಪ್ಪ ಹತ್ತಿ ಗೇರ್ ಹಾಕಿದ ಕೂಡಲೇ ಬೈಕು ಟಕ್ ಅಂತ ಮುಂದಕ್ಕೆ ಎಗರಿತು. ಆಕ್ಸಿಲರೇಟರ್ ಪೂರ್ತಿ ಬಿಟ್ಟರೂ ಇಂಜಿನ್ ಗುಂಯ್ ಅನ್ನುತ್ತಲೇ ಇತ್ತು. ಅಪ್ಪ ಗೇಟಿನವರೆಗೂ ಹೋಗಿ, ಇಳಿದು, ತಳ್ಳಿಕೊಂಡು ವಾಪಸ್ ಬಂದರು. "ಬೇಡ ಬಿಡೋ" ಅಂದರು. ಇದ್ದ ಚೂರುಪಾರು ಧೈರ್ಯವನ್ನೂ ನಾನೇ ಕಿತ್ತುಕೊಂಡಂತಾಯಿತು.

ಐಡ್ಲಿಂಗ್ ಏರಿಸುವುದು ಅಂದರೆ ಜ್ವರಕ್ಕೆ ಮಾತ್ರೆ ನುಂಗಿ ಸೋಂಕನ್ನು ಹಾಗೇ ಬಿಟ್ಟಂತೆ. ಇಂಜಿನ್ ಯಾಕೆ ನಿಲ್ಲುತ್ತಿದೆ ಅನ್ನುವ ಪ್ರಶ್ನೆ ಅಲ್ಲೇ ಇರುತ್ತದೆ, ಅದು ಕೇಳಿಸದಷ್ಟು ಸದ್ದು ಮಾತ್ರ ಜಾಸ್ತಿಯಾಗಿರುತ್ತದೆ.

ಮಾರನೆಯ ದಿನ ಭಾನುವಾರ, ಸೋದರಮಾವನಿಗೆ ಫೋನ್ ಮಾಡಿದೆ. ಮಾವ ಯಾದವಗಿರಿಯ ಜಾವಾ ಕಾರ್ಖಾನೆಯಲ್ಲಿ ಕೆಲಸ ಮಾಡಿದವರು. 1961ರಲ್ಲಿ ಬೈಕು ತಯಾರಿಕೆ ಆರಂಭಿಸಿದ ಐಡಿಯಲ್ ಜಾವಾ 1996ರಲ್ಲಿ ಬಾಗಿಲು ಮುಚ್ಚಿತಲ್ಲ, ಅಲ್ಲಿಯವರೆಗೂ ಅಲ್ಲೇ ಇದ್ದರು. ಆಮೇಲೆ ಸ್ವಂತ ಗ್ಯಾರೇಜು ಇಟ್ಟುಕೊಂಡಿದ್ದರು. ಕಿಕ್ ಹೊಡೆಯುವ ಲಿವರಿನಿಂದಲೇ ಗೇರ್ ಹಾಕುವ ಜಾವಾ ಬೈಕಿನ ಕಥೆ ಹೇಳಲು ಕೂತರೆ ಊಟ ತಣ್ಣಗಾಗುವುದು ಗ್ಯಾರಂಟಿ.

ಮಾವ ಬಂದರು, ಬೈಕು ಮುಟ್ಟಲಿಲ್ಲ. ಕಾಫಿ ಲೋಟ ಹಿಡಿದುಕೊಂಡು ನನ್ನನ್ನು ಕೇಳಿದರು: "ನೀನು ಏನೇನು ಮುಟ್ಟಿದೀಯ?"

ಪಟ್ಟಿ ಹೇಳಿದೆ.

"ಮಿಕ್ಸ್‌ಚರ್ ಸ್ಕ್ರೂ ಮೊದಲು ಎಷ್ಟು ಸುತ್ತಿನಲ್ಲಿತ್ತು?"

"ನೋಡ್ಲಿಲ್ಲ ಮಾವ."

"ಬರೆದು ಇಟ್ಕೊಳ್ಳೋದಲ್ವೇನೋ! ಕಂಪ್ಯೂಟರ್ ಓದಿದವನು ನೀನು. ನಾಲ್ಕು ಕೆಲಸ ಒಟ್ಟಿಗೆ ಮಾಡಿದ್ರೆ ಯಾವುದರಿಂದ ಸರಿಹೋಯ್ತು, ಯಾವುದರಿಂದ ಕೆಟ್ಟುಹೋಯ್ತು ಅಂತ ಹೆಂಗೆ ಗೊತ್ತಾಗುತ್ತೆ?"

ಆಫೀಸಿನಲ್ಲಿ ಒಂದು ಸಾಲು ಕೋಡ್ ಬದಲಾಯಿಸಿದರೂ ಯಾವಾಗ, ಯಾಕೆ ಅಂತ ದಾಖಲೆ ಇಡುವವನು ನಾನು. ಹೊಸಬರು ನಾಲ್ಕು ಕಡೆ ಒಟ್ಟಿಗೆ ಕೈ ಹಾಕಿದರೆ ರೇಗುವವನೂ ನಾನೇ. ಅಪ್ಪನ ಬೈಕಿನ ಮುಂದೆ ಕೂತಾಗ ಆ ಬುದ್ಧಿಯೆಲ್ಲ ಎಲ್ಲಿ ಹೋಗಿತ್ತೋ.

ಆಮೇಲೆ ಮಾವ ಅಪ್ಪನ ಕಡೆ ತಿರುಗಿದರು. "ಭಾವ, ನೀವು ಹೇಳಿ. ಏನು ಕೆಟ್ಟಿದೆ ಅನ್ನೋದು ಬೇಡ. ಯಾವಾಗ ಯಾವಾಗ ಹೀಗೆ ಮಾಡುತ್ತೆ ಅಂತ ಮಾತ್ರ ಹೇಳಿ."

ಅಪ್ಪ ಒಳಗೆ ಹೋಗಿ ಒಂದು ನೋಟ್‌ಬುಕ್ ತಂದರು. ಪೆಟ್ರೋಲ್ ಹಾಕಿಸಿದ ದಿನ, ಲೀಟರು, ಮೀಟರಿನಲ್ಲಿದ್ದ ಕಿಲೋಮೀಟರು ಬರೆದಿಡುವುದು ಅವರ ಹಳೆಯ ರೂಢಿ, ಗಣಿತದ ಮೇಷ್ಟ್ರು ತಾನೇ. ಅದನ್ನು ನೋಡುತ್ತಾ ಒಂದೊಂದೇ ಹೇಳಿದರು. ಶಿವರಾತ್ರಿ ಆದಮೇಲೆ ಶುರುವಾಗಿದ್ದು. ಬೆಳಿಗ್ಗೆ ಚೋಕ್ ಎಳೆದು ಸ್ಟಾರ್ಟ್ ಮಾಡಿದಾಗ ಚೆನ್ನಾಗಿರುತ್ತದೆ. ಬಿಸಿಯಾದ ಮೇಲೆ ಚೋಕ್ ಒಳಗೆ ತಳ್ಳಿದರೆ ತೊಂದರೆ ಶುರು. ಅರ್ಧ ಚೋಕ್ ಹಾಕಿಕೊಂಡೇ ಓಡಿಸಿದರೆ ಆಫ್ ಆಗುವುದಿಲ್ಲ. ವೇಗವಾಗಿ ಹೋಗಿ ಆಕ್ಸಿಲರೇಟರ್ ಬಿಟ್ಟರೆ ಸೈಲೆನ್ಸರಿನಲ್ಲಿ ಪಟ್ ಪಟ್ ಸದ್ದು. ಒಂದೊಂದು ಸಲ ಆಕ್ಸಿಲರೇಟರ್ ಬಿಟ್ಟ ಮೇಲೂ ಇಂಜಿನ್ನಿನ ವೇಗ ಕೂಡಲೇ ಇಳಿಯುವುದಿಲ್ಲ, ತಡವಾಗಿ ಇಳಿದು ಆಮೇಲೆ ಒಮ್ಮೆಲೇ ನಿಲ್ಲುತ್ತದೆ.

ಮಾವ ನನ್ನ ಕಡೆ ನೋಡಿ, "ಅರ್ಧ ಕೆಲಸ ಭಾವನೇ ಮಾಡಿಟ್ಟಿದ್ದಾರೆ" ಅಂದರು.

ನಾನು ನೋಟ್‌ಬುಕ್ ತೆಗೆದು ನೋಡಿದೆ. ಮಾರ್ಚ್ ತಿಂಗಳ ಪುಟದ ಅಂಚಿನಲ್ಲಿ "ನಿಧಾನದಲ್ಲಿ ಆಫ್" ಅಂತಿತ್ತು. ಏಪ್ರಿಲ್‌ನಲ್ಲೂ ಹಾಗೇ. ಮೇ ತಿಂಗಳಿನಲ್ಲಿ "ಆಫ್, ನನ್ನ ತಪ್ಪಿರಬಹುದು." ಜೂನ್‌ನಲ್ಲಿ, ನಾನು ಫೋನ್ ಮಾಡಿದ ದಿನ, "ಬೈಕು ನಿಲ್ಲಿಸುವುದು" ಅಂತ ಬರೆದು ಕೆಳಗೆ ಗೆರೆ ಎಳೆದಿದ್ದರು. ಮೂರು ತಿಂಗಳು ಸರಿಯಾಗಿಯೇ ಗಮನಿಸಿದ್ದ ಮನುಷ್ಯ, ಕೊನೆಗೆ ತಪ್ಪನ್ನು ತನ್ನ ಮೇಲೆ ಹಾಕಿಕೊಂಡಿದ್ದರು. ಅದಕ್ಕೆ ಮೊಹರು ಒತ್ತಿದವನು ನಾನು.

ಈಗ ಇಂಜಿನ್ನಿನ ವಿಷಯಕ್ಕೆ ಬರೋಣ. ಪೆಟ್ರೋಲ್ ಇಂಜಿನ್‌ಗೆ ಗಾಳಿ ಮತ್ತು ಪೆಟ್ರೋಲ್ ಒಂದು ಹದದಲ್ಲಿ ಸಿಗಬೇಕು. ಒಂದು ಗ್ರಾಂ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಗ್ರಾಂ ಗಾಳಿ ಬೇಕು. ಹಳೆಯ ಬೈಕುಗಳಲ್ಲಿ ಈ ಹದ ಮಾಡುವುದು ಕಾರ್ಬುರೇಟರ್. ಅದರೊಳಗೆ ಪೆಟ್ರೋಲಿಗೆ ಬೇರೆ ಬೇರೆ ದಾರಿಗಳಿವೆ. ವೇಗವಾಗಿ ಹೋಗುವಾಗ ಮೇನ್ ಜೆಟ್ ಮತ್ತು ಸೂಜಿಯ ದಾರಿ, ಆಕ್ಸಿಲರೇಟರ್ ಮುಚ್ಚಿದಾಗ ಪೈಲಟ್ ಜೆಟ್ ಅನ್ನುವ ಪುಟ್ಟ ಹಿತ್ತಾಳೆ ತೂತಿನ ದಾರಿ. ಆ ತೂತು ಅರ್ಧ ಮಿಲಿಮೀಟರಿಗಿಂತಲೂ ಸಣ್ಣದು. ಹಾಗಾಗಿ ಬೈಕು ವೇಗದಲ್ಲಿ ಚೆನ್ನಾಗಿದ್ದು ನಿಧಾನದಲ್ಲಿ ಮಾತ್ರ ತೊಂದರೆ ಕೊಟ್ಟರೆ, ಮೇನ್ ಜೆಟ್ ಬಿಟ್ಟು ಈ ಸಣ್ಣ ದಾರಿಯ ಸುತ್ತಮುತ್ತಲೇ ಮೊದಲು ಹುಡುಕಬೇಕು.

ಚೋಕ್ ಎಳೆದರೆ ಏನಾಗುತ್ತದೆ? ಮಿಶ್ರಣದಲ್ಲಿ ಪೆಟ್ರೋಲಿನ ಪಾಲು ಜಾಸ್ತಿಯಾಗುತ್ತದೆ. ಇಂಜಿನ್ ಬಿಸಿಯಾದ ಮೇಲೂ ಚೋಕ್ ಇದ್ದರೇನೇ ಚೆನ್ನಾಗಿ ಓಡುತ್ತದೆ ಅಂದರೆ, ಅದಕ್ಕೆ ಪೆಟ್ರೋಲ್ ಸಾಲುತ್ತಿಲ್ಲ, ಇಲ್ಲವೇ ಬೇಡದ ಗಾಳಿ ಎಲ್ಲಿಂದಲೋ ಒಳಗೆ ನುಗ್ಗುತ್ತಿದೆ. ಪ್ಲಗ್ ಕೂಡ ಅದನ್ನೇ ಹೇಳುತ್ತಿತ್ತು. ನಾನು ಬಿಚ್ಚಿ ಎಸೆದಿದ್ದ ಹಳೆಯ ಪ್ಲಗ್ಗನ್ನು ಮಾವ ಕಸದ ಬುಟ್ಟಿಯಿಂದ ಎತ್ತಿಸಿ ತರಿಸಿದರು. ತುದಿ ಬಿಳುಚಿಕೊಂಡಿತ್ತು. ಸರಿಯಾಗಿ ಉರಿಯುವ ಇಂಜಿನ್ನಿನ ಪ್ಲಗ್ ತಿಳಿ ಕಂದು ಬಣ್ಣಕ್ಕಿರುತ್ತದೆ. ಪೆಟ್ರೋಲ್ ಜಾಸ್ತಿಯಾದರೆ ಮಸಿ ಹಿಡಿದು ಕಪ್ಪಗಾಗುತ್ತದೆ, ಕಡಿಮೆಯಾದರೆ ಹೀಗೆ ಬೆಳ್ಳಗಾಗುತ್ತದೆ.

"ಈಗ ಎರಡೇ ಅನುಮಾನ. ಪೈಲಟ್ ಜೆಟ್ ಕಟ್ಟಿಕೊಂಡಿರಬೇಕು, ಇಲ್ಲ ಎಲ್ಲೋ ಗಾಳಿ ಸೋರ್ತಿರಬೇಕು. ಬಿಚ್ಚದೆ ನೋಡೋಕೆ ಆಗೋದನ್ನ ಮೊದಲು ನೋಡೋಣ" ಅಂದರು ಮಾವ. ಬೈಕನ್ನು ಶೆಡ್ಡಿನಿಂದ ಅಂಗಳಕ್ಕೆ ತಂದೆವು. ಮುಚ್ಚಿದ ಜಾಗದಲ್ಲಿ ಇಂಜಿನ್ ಓಡಿಸಿಕೊಂಡು ಕೂರಬಾರದು, ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್ ಪ್ರಾಣಕ್ಕೇ ಅಪಾಯ. ನಂತರ ಐಡ್ಲಿಂಗನ್ನು ಇಂಜಿನ್ ತಡವರಿಸುವ ಮಟ್ಟಕ್ಕೆ ಇಳಿಸಿದರು. ಅಮ್ಮ ಇಸ್ತ್ರಿ ಬಟ್ಟೆಗೆ ನೀರು ಚಿಮುಕಿಸುವ ಬಾಟಲಿ ತರಿಸಿ ನನ್ನ ಕೈಗೆ ಕೊಟ್ಟರು. ಕೆಲವರು ಈ ಪರೀಕ್ಷೆಗೆ ಪೆಟ್ರೋಲ್ ಇಲ್ಲವೇ ಕಾರ್ಬುರೇಟರ್ ತೊಳೆಯುವ ಸ್ಪ್ರೇ ಬಳಸುತ್ತಾರೆ. ಬಿಸಿ ಇಂಜಿನ್ ಮೇಲೆ ಅದು ಬೆಂಕಿ ಜೊತೆ ಸರಸ. ಮನೆಯಲ್ಲಿ ಮಾಡುವವರಿಗೆ ನೀರೇ ಸಾಕು.

ಕಾರ್ಬುರೇಟರಿನ ಮೇಲೆ ನೀರು ಚಿಮುಕಿಸಿದೆ, ಏನೂ ಆಗಲಿಲ್ಲ. ಕಾರ್ಬುರೇಟರ್ ಮತ್ತು ಇಂಜಿನ್ ನಡುವೆ ಒಂದು ಗಿಡ್ಡ ರಬ್ಬರ್ ಕೊಳವೆ ಇದೆ. ಅದರ ಮೇಲ್ಭಾಗಕ್ಕೆ ಹಾಕಿದೆ, ಆಗಲೂ ಏನಿಲ್ಲ. ಕೆಳಭಾಗಕ್ಕೆ ಚಿಮುಕಿಸಿದ ತಕ್ಷಣ ಇಂಜಿನ್ನಿನ ಸದ್ದು ಬದಲಾಯಿತು. ತಡವರಿಕೆ ಹೋಗಿ ಎರಡು ಮೂರು ಸೆಕೆಂಡು ಒಂದೇ ಸಮ ಓಡಿತು. ನೀರು ಒಳಗೆ ಎಳೆದುಹೋದ ಮೇಲೆ ಮತ್ತೆ ಅದೇ ರಾಗ. ಇನ್ನೊಂದು ಸಲ ಹಾಕಿದೆ, ಮತ್ತೆ ಸರಿಯಾಯಿತು.

ಅಪ್ಪ ಅಷ್ಟು ಹೊತ್ತು ಕಟ್ಟೆ ಮೇಲೆ ಕೂತಿದ್ದವರು ಎದ್ದು ಬಂದರು. "ನಾನೊಂದು ಸಲ ಹಾಕ್ತೀನಿ ಕೊಡು" ಅಂತ ಬಾಟಲಿ ತಗೊಂಡರು. ಅವರು ಚಿಮುಕಿಸಿದಾಗಲೂ ಹಾಗೇ ಆಯಿತು. ಮೂರು ಸಲ ಮಾಡಿ ನೋಡಿದರು. ಏನೂ ಮಾತಾಡಲಿಲ್ಲ.

ಇಂಜಿನ್ ತಣ್ಣಗಾದ ಮೇಲೆ ರಬ್ಬರ್ ಬಿಚ್ಚಿದೆವು. ಹೊರಗಿನಿಂದ ನೋಡಿದರೆ ಏನೂ ಕಾಣುತ್ತಿರಲಿಲ್ಲ. ಕೈಯಲ್ಲಿ ಬಗ್ಗಿಸಿದಾಗ ಕೆಳಗಡೆ ಉಗುರಿನಷ್ಟು ಉದ್ದದ ಬಿರುಕು ಬಾಯಿ ಬಿಟ್ಟಿತು. ಇಪ್ಪತ್ತು ವರ್ಷ ಇಂಜಿನ್ನಿನ ಬಿಸಿ ತಿಂದು ರಬ್ಬರು ಕಲ್ಲಿನಂತಾಗಿತ್ತು.

ಎಳನೀರಿನ ಸ್ಟ್ರಾ ಸೀಳಿದ್ದರೆ ಎಷ್ಟು ಎಳೆದರೂ ನೀರಿನ ಬದಲು ಗಾಳಿಯೇ ಬಾಯಿಗೆ ಬರುತ್ತದಲ್ಲ, ಇದೂ ಹಾಗೆಯೇ. ಹಾಗಾದರೆ ವೇಗವಾಗಿ ಹೋಗುವಾಗ ಯಾಕೆ ತೊಂದರೆ ಇಲ್ಲ? ಆಕ್ಸಿಲರೇಟರ್ ಮುಚ್ಚಿರುವಾಗ ಇಂಜಿನ್ ಒಳಗೆ ಹೋಗುವ ಗಾಳಿಯೇ ಕಡಿಮೆ, ಜೊತೆಗೆ ಆ ಕೊಳವೆಯೊಳಗೆ ಎಳೆತ ಹೆಚ್ಚು. ಆಗ ಬಿರುಕಿನಿಂದ ನುಗ್ಗುವ ಗಾಳಿ ಹದವನ್ನೇ ಕೆಡಿಸುತ್ತದೆ. ಆಕ್ಸಿಲರೇಟರ್ ತೆರೆದಾಗ ಒಳಗೆ ಹೋಗುವ ಗಾಳಿ ಎಷ್ಟೋ ಪಟ್ಟು ಜಾಸ್ತಿ, ಬಿರುಕಿನ ಪಾಲು ಲೆಕ್ಕಕ್ಕೇ ಇಲ್ಲ. ಒಂದು ಲೋಟ ಹಾಲಿಗೆ ಎರಡು ಚಮಚ ನೀರು ಬಿದ್ದರೆ ನಾಲಿಗೆಗೆ ಗೊತ್ತಾಗುತ್ತದೆ, ಒಂದು ಕೊಡ ಹಾಲಿಗೆ ಬಿದ್ದರೆ ಗೊತ್ತಾಗುವುದಿಲ್ಲ.

ಸೋಮವಾರ ರಜೆ ಹಾಕಿದೆ. ಬಿಡಿಭಾಗದ ಅಂಗಡಿಯಲ್ಲಿ ಹಳೆಯ ರಬ್ಬರ್ ತೋರಿಸಿ ಹೊಸದು ತಂದೆ. 180 ರೂಪಾಯಿ. ಹೇಗೂ ಬಿಚ್ಚಿದ್ದೇವಲ್ಲ ಅಂತ ಕಾರ್ಬುರೇಟರಿನ ಕೆಳಗಿನ ಬಟ್ಟಲು ತೆಗೆದು ಪೈಲಟ್ ಜೆಟ್ ತೊಳೆದು ಗಾಳಿ ಊದಿದೆವು. ಸೂಜಿ, ತಂತಿ ತೂರಿಸಲು ಮಾವ ಬಿಡಲಿಲ್ಲ. ಹಿತ್ತಾಳೆ ಮೆತ್ತಗಿರುತ್ತದೆ, ತೂತು ಒಂದು ಕೂದಲೆಳೆಯಷ್ಟು ದೊಡ್ಡದಾದರೂ ಹದ ಶಾಶ್ವತವಾಗಿ ಕೆಟ್ಟಂತೆ.

ಉಳಿದಿದ್ದು ನಾನು ಮನಸ್ಸಿಗೆ ಬಂದಂತೆ ತಿರುಗಿಸಿದ್ದ ಸ್ಕ್ರೂ. ಅದನ್ನು ಮೆಲ್ಲಗೆ, ಬಿಗಿ ಮಾಡದೆ ಪೂರ್ತಿ ಒಳಗೆ ಕೂರಿಸಿ, ಅಲ್ಲಿಂದ ಎರಡು ಸುತ್ತು ಹೊರಗೆ ತಂದೆವು. ಹತ್ತು ನಿಮಿಷ ಓಡಿಸಿ ಇಂಜಿನ್ ಬಿಸಿ ಮಾಡಿ, ಆಮೇಲೆ ಕಾಲು ಕಾಲು ಸುತ್ತು ತಿರುಗಿಸುತ್ತಾ ಇಂಜಿನ್ ಅತಿ ಸಲೀಸಾಗಿ, ವೇಗವಾಗಿ ಓಡುವ ಜಾಗ ಕಂಡುಕೊಂಡೆವು. ಕೊನೆಗೆ ಐಡ್ಲಿಂಗ್ ಸ್ಕ್ರೂನಿಂದ ವೇಗ ಇಳಿಸಿದೆವು. ಇಂಥ ಬೈಕುಗಳಿಗೆ ಸುಮಾರು 1400 ಆರ್‌ಪಿಎಂ ಹದ. ಮಾವನಿಗೆ ಮೀಟರ್ ಬೇಕಿರಲಿಲ್ಲ, ಕಿವಿಯಲ್ಲೇ ಹೇಳಿದರು.

ಈ ಸ್ಕ್ರೂ ವಿಷಯದಲ್ಲಿ ಒಂದು ಎಚ್ಚರಿಕೆ. ಅದು ಏರ್ ಫಿಲ್ಟರ್ ಕಡೆಗಿದ್ದರೆ ಸಾಮಾನ್ಯವಾಗಿ ಗಾಳಿಯ ಸ್ಕ್ರೂ, ಹೊರಗೆ ತಿರುಗಿಸಿದರೆ ಗಾಳಿ ಜಾಸ್ತಿ. ಇಂಜಿನ್ ಕಡೆಗಿದ್ದರೆ ಪೆಟ್ರೋಲಿನದು, ಹೊರಗೆ ತಿರುಗಿಸಿದರೆ ಪೆಟ್ರೋಲ್ ಜಾಸ್ತಿ. ಮುಟ್ಟುವ ಮೊದಲು ಈಗ ಎಷ್ಟು ಸುತ್ತಿನಲ್ಲಿದೆ ಅಂತ ಎಣಿಸಿ ಬರೆದಿಟ್ಟುಕೊಳ್ಳಿ. ನನ್ನ ಹಾಗೆ ಮಾಡಬೇಡಿ. 2020ರ ಏಪ್ರಿಲ್‌ನಲ್ಲಿ ಬಿಎಸ್-6 ನಿಯಮ ಬಂದ ಮೇಲಿನ ಬಹುತೇಕ ಬೈಕುಗಳಲ್ಲಿ ಕಾರ್ಬುರೇಟರ್ ಜಾಗಕ್ಕೆ ಫ್ಯೂಯಲ್ ಇಂಜೆಕ್ಷನ್ ಬಂದಿದೆ. ಅವುಗಳಲ್ಲಿ ಹೀಗೆ ಸ್ಕ್ರೂ ತಿರುಗಿಸುವ ಆಟ ಬೇಡ, ಸರ್ವಿಸ್ ಸೆಂಟರಿಗೇ ಒಯ್ಯಿರಿ. ಇನ್ನು, ಎಲ್ಲ ಬೈಕಿಗೂ ರಬ್ಬರೇ ಕಾರಣ ಅಂತಲೂ ತಿಳಿಯಬೇಡಿ. ತಿಂಗಳುಗಟ್ಟಲೆ ನಿಲ್ಲಿಸಿದ ಬೈಕಿನಲ್ಲಿ ಪೈಲಟ್ ಜೆಟ್ ಕಟ್ಟಿಕೊಳ್ಳುವುದೇ ಹೆಚ್ಚು. ಬಿಸಿಯಾದ ಮೇಲೆ ಮಾತ್ರ ಐಡ್ಲಿಂಗ್ ನಿಲ್ಲದಿದ್ದರೆ ವಾಲ್ವ್ ಬಿಗಿಯಾಗಿರಬಹುದು, ಅದನ್ನು ಮೆಕ್ಯಾನಿಕ್ ಹತ್ತಿರವೇ ನೋಡಿಸಬೇಕು. ಯಾವುದೇ ಇರಲಿ, ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ, ಓಡಿಸಿ ನೋಡಿ, ಆಮೇಲೆ ಮುಂದಿನದು.

ಎಲ್ಲ ಆದಮೇಲೆ ಮಾವ ಬೈಕಿನ ಕೀ ಅಪ್ಪನ ಕೈಗೆ ಕೊಟ್ಟರು. ನನಗೆ ಕೊಡಲಿಲ್ಲ. ಅಪ್ಪ ಹೆಲ್ಮೆಟ್ ಹಾಕಿಕೊಂಡು ಹೊರಟರು. ನಾನು ಗೇಟಿನ ಹತ್ತಿರ ನಿಂತೆ. ಹತ್ತು ನಿಮಿಷ ಆಯಿತು, ಹದಿನೈದಾಯಿತು. ಅಮ್ಮ ಮೂರು ಸಲ ಹೊರಗೆ ಬಂದು ಹೋದಳು. ಇಪ್ಪತ್ತೈದು ನಿಮಿಷಕ್ಕೆ ಬೈಕು ತಿರುವಿನಲ್ಲಿ ಕಾಣಿಸಿತು, ಹ್ಯಾಂಡಲಿಗೆ ಟೊಮೆಟೊ ಚೀಲ ನೇತಾಡುತ್ತಿತ್ತು.

"ಅದೇ ಸರ್ಕಲ್ಲಿನಲ್ಲಿ ಎರಡು ಸಲ ತಿರುಗಿದೆ. ಆಫ್ ಆಗ್ಲಿಲ್ಲ" ಅಂದರು. ಸ್ವಲ್ಪ ಹೊತ್ತು ಬಿಟ್ಟು, "ಕೈ ಚೆನ್ನಾಗೇ ಇದೆ" ಅಂದರು.

ವಯಸ್ಸು ಸುಳ್ಳು ಅಂತ ನಾನು ಹೇಳುತ್ತಿಲ್ಲ. ಅಪ್ಪನಿಗೆ ಅರವತ್ತೇಳು ಆಗಿರುವುದು ನಿಜ. ಮುಂದಿನ ವಾರ ಕಣ್ಣು ಪರೀಕ್ಷೆ ಮಾಡಿಸಿದೆವು, ಕನ್ನಡಕದ ನಂಬರ್ ಬದಲಾಯಿತು. ರಾತ್ರಿ ಹೊತ್ತು, ಜೋರು ಮಳೆಯಲ್ಲಿ ಬೈಕು ತೆಗೆಯುವುದಿಲ್ಲ ಅಂತ ಅವರೇ ಹೇಳಿದ್ದಾರೆ. ಒಂದು ದಿನ ಬೈಕು ನಿಲ್ಲಿಸುವ ಕಾಲವೂ ಬರುತ್ತದೆ. ಆದರೆ ಅದು ನಿಜವಾದ ಕಾರಣಕ್ಕೆ ಬರಲಿ, 180 ರೂಪಾಯಿಯ ರಬ್ಬರಿನ ತಪ್ಪಿಗೆ ಬೇಡ.

ನಮ್ಮ ಮನೆಗಳಲ್ಲಿ ಅಪ್ಪ ಅಮ್ಮ ಏನಾದರೂ ಕೈತಪ್ಪಿ ಬೀಳಿಸಿದರೆ, ಮರೆತರೆ, ಎಡವಿದರೆ "ವಯಸ್ಸಾಯ್ತು" ಅಂದುಬಿಡುವುದು ನಮಗೆ ಎಷ್ಟು ಸಲೀಸು. ಅವರೂ ಅದನ್ನು ನಂಬಿಬಿಡುತ್ತಾರೆ, ಯಾಕೆಂದರೆ ಹೇಳುವವರು ಓದಿದ ಮಕ್ಕಳು. ಮುಂದಿನ ಸಲ ಹಾಗೆ ಅನ್ನುವ ಮೊದಲು, ಮಾವ ಕೇಳಿದ ಪ್ರಶ್ನೆಯನ್ನು ನಾನೂ ಕೇಳಬೇಕು ಅಂದುಕೊಂಡಿದ್ದೇನೆ: ಯಾವಾಗ ಯಾವಾಗ ಹೀಗಾಗುತ್ತೆ, ಸ್ವಲ್ಪ ಹೇಳಿ.

ಬೆಂಗಳೂರಿಗೆ ಹೊರಡುವ ಮುಂಚೆ ಅಪ್ಪನ ನೋಟ್‌ಬುಕ್ ಇನ್ನೊಮ್ಮೆ ತೆಗೆದು ನೋಡಿದೆ. ಸೋಮವಾರದ ತಾರೀಖು ಹಾಕಿ ಬರೆದಿದ್ದರು: "ರಬ್ಬರ್ ಬದಲು, 180 ರೂ. ಸ್ಕ್ರೂ ಎರಡೂಕಾಲು ಸುತ್ತು. ಸರಿ ಇದೆ." ಗೆರೆ ಎಳೆದಿದ್ದ ಹಳೆಯ ಸಾಲನ್ನು ಮಾತ್ರ ಹೊಡೆದು ಹಾಕಿರಲಿಲ್ಲ. ಮೇಷ್ಟ್ರಲ್ಲವೇ, ದಾಖಲೆ ದಾಖಲೆಯೇ.